ಕೈಯ ಅಳತೆ, ಕೆಲಸದ ನುಡಿ: ಸಂಧಿವಾತದ ಪ್ರಶ್ನಾವಳಿ ಮತ್ತು ಮಧುಗಿರಿ ಸೀಮೆಯ ಶ್ರಮಸಂಸ್ಕೃತಿ

ರೋಗಗಳ ಚರಿತ್ರೆಯನ್ನು ಔಷಧಗಳ ಚರಿತ್ರೆಯಾಗಿ ಬರೆಯುವುದು ರೂಢಿ. ರೋಗವನ್ನು ಅಳೆಯುವ ಪ್ರಶ್ನೆಗಳಿಗೂ ಒಂದು ಚರಿತ್ರೆಯುಂಟು. ಅವು ಹುಟ್ಟಿದ ನಾಡಿನ ಅಡುಗೆಮನೆ, ಉಡುಪು, ಬಾಗಿಲುಗಳು ಅವುಗಳಲ್ಲಿ ಅಡಗಿರುತ್ತವೆ.

1980ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಫ್ರೈಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಶ್ನಾವಳಿಯು 8 ವಿಭಾಗಗಳಲ್ಲಿ 20 ಪ್ರಶ್ನೆಗಳನ್ನು ಕೇಳಿ, ಉತ್ತರಕ್ಕೆ 0ಯಿಂದ 3ರವರೆಗೆ ಅಂಕ ನೀಡಿತು. 1996ರಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಕೋಶಾಂ ಮಾಪಕವು ಕೈಗೇ ಮೀಸಲಾದುದು. 18 ಪ್ರಶ್ನೆಗಳು, ಗರಿಷ್ಠ 90 ಅಂಕ. ಮಾಂಸವನ್ನು ಚಾಕುವಿನಿಂದ ಕತ್ತರಿಸುವುದು, ಮುಳ್ಳುಚಮಚದಿಂದ ಚುಚ್ಚುವುದು, ಗುಂಡಿ ಹಾಕುವುದು, ದುಂಡು ಹಿಡಿಯ ಬಾಗಿಲು ತಿರುಗಿಸುವುದು ಅಲ್ಲಿನ ಕೆಲಸಗಳು. ಊಟದ ಕಡ್ಡಿ ಹಿಡಿಯುವ ಜಪಾನಿನ ರೋಗಿಗೆ ಇವುಗಳ ಬರಿಯ ಅನುವಾದ ಸಾಲದು. ಆದ್ದರಿಂದಲೇ 2000ರಲ್ಲಿ ಬೀಟನ್ ಮತ್ತು ಸಂಗಡಿಗರ ಮಾರ್ಗಸೂಚಿಯು ಅನುವಾದ, ಸಮನ್ವಯ, ಮರು ಅನುವಾದ, ತಜ್ಞಸಮಿತಿ, ಪೂರ್ವಪರೀಕ್ಷೆ ಎಂಬ ಹಂತಗಳನ್ನು ವಿಧಿಸಿತು. 2002ರಲ್ಲಿ ಪ್ರಕಟವಾದ 12 ಪ್ರಶ್ನೆಗಳ ಭಾರತೀಯ ರೂಪದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದಕ್ಕೂ ಸ್ಥಾನ ದೊರೆಯಿತು.

ಇದೇ ಮಾಪಕವನ್ನು ಮಧುಗಿರಿ ಉಪವಿಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಗೆ ತಂದರೆ ಕೇಳಬೇಕಾದ ಕೆಲಸಗಳು ಬೇರೆಯೇ ಆಗುತ್ತವೆ. ಇಲ್ಲಿನ ಮುಖ್ಯ ಆಹಾರ ರಾಗಿ. ಹಿಟ್ಟನ್ನು ಕೋಲಿನಿಂದ ತೊಳಸಲು ಮಣಿಕಟ್ಟಿನ ಬಲ ಬೇಕು. ಬಿಸಿ ಮುದ್ದೆ ಕಟ್ಟಲು ಅಂಗೈ ಅಗಲವಾಗಿ ಬಿಚ್ಚಿಕೊಳ್ಳಬೇಕು. ಪಾವಗಡದ ಕಡಲೆಕಾಯಿ ಬಿಡಿಸುವುದಕ್ಕೆ ಹೆಬ್ಬೆರಳು ತೋರುಬೆರಳುಗಳ ಒತ್ತು ಬೇಕು. ಹುಣಸೆಯ ಬೀಜ ಬಿಡಿಸುವುದು, ಹೂ ಕಟ್ಟುವುದು, ಕುರಿಯ ಉಣ್ಣೆ ನೂಲುವುದು, ಬಿಂದಿಗೆ ಎತ್ತುವುದು ಒಂದೊಂದೂ ಕೈಯ ಒಂದೊಂದು ಸಾಮರ್ಥ್ಯವನ್ನು ತೋರುತ್ತವೆ. ಚಿಟಿಕೆ, ಹಿಡಿ, ಬೊಗಸೆ ಎಂಬ ಜನಪದ ಅಳತೆಗಳೇ ಬೆರಳು ಮಡಿಸುವ, ಮುಷ್ಟಿ ಬಿಗಿಯುವ, ಎರಡು ಕೈ ಕೂಡಿಸುವ ಶಕ್ತಿಯ ಹೆಸರುಗಳಾಗಿವೆ.

ಜಾನಪದ ಪ್ರೀತಿಯೂ ಇಲ್ಲಿ ದಾರಿ ತಪ್ಪಿಸಬಹುದು. ಬೀಸುವ ಪದಗಳು ಸಂಗ್ರಹಗಳಲ್ಲಿ ಉಳಿದಿದ್ದರೂ ಬೀಸುವ ಕೆಲಸವನ್ನು ಗಿರಣಿ ವಹಿಸಿಕೊಂಡಿದೆ. ಬೀಸುವ ಕಲ್ಲಿನ ಬಗೆಗಿನ ಪ್ರಶ್ನೆ ಇಂದಿನ ಕೈಯನ್ನಲ್ಲ, ನೆನಪನ್ನು ಅಳೆಯುತ್ತದೆ.

ನುಡಿಯ ತೊಡಕು ಇನ್ನೂ ಸೂಕ್ಷ್ಮವಾದುದು. ‘ಮಾಡಲು ಆಗುತ್ತದೆಯೇ?’ ಎಂಬ ಪ್ರಶ್ನೆಗೆ, ನೋವನ್ನು ನುಂಗಿಕೊಂಡು ದಿನವೂ ಮುದ್ದೆ ಕಟ್ಟುವ ಹೆಂಗಸು ‘ಆಗುತ್ತದೆ’ ಎಂದೇ ಹೇಳಬಹುದು. ಅವಳ ಮನೆಯಲ್ಲಿ ಆ ಕೆಲಸಕ್ಕೆ ಬೇರೆ ಕೈಯಿಲ್ಲದಿರಬಹುದು. ಆಗ ಅನಿವಾರ್ಯತೆಯು ಸಾಮರ್ಥ್ಯವೆಂದು ದಾಖಲಾಗುತ್ತದೆ. ‘ಕೈ ಹಿಡಿದುಕೊಂಡಿದೆ’, ‘ಜೋಮು ಹಿಡಿದಿದೆ’, ‘ಕೈ ಸೋತಿದೆ’ ಎಂಬುವು ಒಂದೇ ಅರ್ಥದವಲ್ಲ. ಬಿಗಿತ, ಮರವು, ಬಲಹೀನತೆಗಳನ್ನು ಅವು ಬೇರ್ಪಡಿಸುತ್ತವೆ. ತೆಲುಗೂ ಮನೆಮಾತಾಗಿರುವ ಪಾವಗಡದಲ್ಲಿ ಪ್ರಶ್ನೆಗಳು ಎರಡು ನುಡಿಗಳಲ್ಲಿ ಇರಬೇಕು. ಅಲ್ಲಿನ ಅಂತರ್ಜಲದ ಫ್ಲೋರೈಡ್ ಕೀಲುಮೂಳೆಗಳನ್ನು ಬಾಧಿಸುವುದರಿಂದ, ಅಂಕವು ಕಷ್ಟದ ಪ್ರಮಾಣವನ್ನು ಹೇಳಬಲ್ಲುದೇ ಹೊರತು ಕಾರಣವನ್ನಲ್ಲ.

ಅಂಕ ತಪ್ಪಿದರೆ ಚಿಕಿತ್ಸೆಯ ನಿರ್ಣಯವೂ ತಪ್ಪಬಹುದು. ಆದ್ದರಿಂದ ತಜ್ಞಸಮಿತಿಯಲ್ಲಿ ವೈದ್ಯ, ಭಾಷಾತಜ್ಞರ ಜೊತೆಗೆ ಜಾನಪದ ವಿದ್ವಾಂಸನೂ, ದುಡಿಯುವ ಹೆಂಗಸೂ ಇರಬೇಕಾದುದು ಶಾಸ್ತ್ರದ ಅಗತ್ಯ. ಶ್ರಮದ ನುಡಿಗಟ್ಟುಗಳ ಸಂಗ್ರಹವು ಗ್ರಂಥಾಲಯವನ್ನು ದಾಟಿ ಆರೋಗ್ಯ ಕೇಂದ್ರದ ಮೇಜನ್ನು ತಲುಪುವ ಒಂದು ದಾರಿ ಇದಾಗಿದೆ.