ಏಳನೆಯ ಕಾಯಿಲೆ

ಒಂದೇ ಬಗ್ ಹತ್ತು ಊರುಗಳಿಂದ ಹತ್ತು ಹೆಸರಲ್ಲಿ ಬಂದ್ರೆ, ಯಾರಾದರೂ ಕೂತು ಎಲ್ಲ ಟಿಕೆಟ್‌ಗಳನ್ನೂ ಒಟ್ಟಿಗೆ ಓದುವ ತನಕ ಅದು ಒಂದೇ ಅಂತ ಗೊತ್ತಾಗೋದಿಲ್ಲ. ನಮ್ಮ ಕಸುಬಿನವರಿಗೆ ಇದು ಹೊಸದಲ್ಲ. ಕಿಡ್ನಿ ಕ್ಯಾನ್ಸರಿನ ಚರಿತ್ರೆಯಲ್ಲೂ ಹೀಗೇ ಆಗಿದೆ.

ವಾಷಿಂಗ್ಟನ್ನಿನಲ್ಲಿ ಅಮೆರಿಕದ ಸೇನೆಗೆ ಸೇರಿದ ದೊಡ್ಡ ಪೆಥಾಲಜಿ ಸಂಸ್ಥೆಯೊಂದಿತ್ತು. 1862ರಲ್ಲಿ, ಅಂತರ್ಯುದ್ಧದ ನಡುವೆ, ಮ್ಯೂಸಿಯಂ ಆಗಿ ಶುರುವಾಗಿದ್ದು, 2011ರಲ್ಲಿ ಮುಚ್ಚಿತು. ಗೆಡ್ಡೆ ಯಾವ ಜಾತಿಯದೆಂದು ತಿಳಿಯದೆ ತಲೆ ಕೆರೆದುಕೊಂಡ ಡಾಕ್ಟರುಗಳು ಸ್ಲೈಡನ್ನು ಅಲ್ಲಿಗೆ ಕಳಿಸೋರು. ಅಲ್ಲಿನ ಚಾರ್ಲ್ಸ್ ಡೇವಿಸ್, ಮೊಸ್ತೋಫಿ ಮತ್ತು ಸೆಸ್ಟರ್‌ಹೆನ್, ವರ್ಷಗಟ್ಟಲೆ ಬಂದು ಸೇರಿದ್ದ ಸ್ಲೈಡುಗಳಲ್ಲಿ ಒಂದೇ ಮುಖದ 34 ಪ್ರಕರಣಗಳನ್ನು ಗುರುತಿಸಿ 1995ರಲ್ಲಿ ಲೇಖನ ಬರೆದರು. ರೋಗಿಗಳು ಬಹುತೇಕ ಎಳೆಯ ವಯಸ್ಸಿನ ಕಪ್ಪು ಜನ. ಹೆಚ್ಚುಕಮ್ಮಿ ಎಲ್ಲರ ರಕ್ತದಲ್ಲೂ ಸಿಕಲ್ ಸೆಲ್ ಗುಣ. ಆಪರೇಷನ್ ಆದಮೇಲೆ ಬದುಕಿದ್ದು ಸರಾಸರಿ 15 ವಾರ.

ಸಿಕಲ್ ಸೆಲ್ಲಿನಿಂದ ಕಿಡ್ನಿಗೆ ಆಗುವ ಆರು ತೊಂದರೆಗಳು ಆಗಲೇ ಪಟ್ಟಿಯಲ್ಲಿದ್ದವು. ಇವರು ಇದನ್ನು ಏಳನೆಯದು ಅಂದರು. ಹೆಸರು ರೀನಲ್ ಮೆಡುಲರಿ ಕಾರ್ಸಿನೋಮ.

ಕಿಡ್ನಿಯ ಒಳಭಾಗ, ಅಂದರೆ ಮೆಡುಲ್ಲಾ, ಆಕ್ಸಿಜನ್ ಕಡಿಮೆ ಇರುವ, ಉಪ್ಪು ಹೆಚ್ಚಿರುವ ಜಾಗ. ಸಿಕಲ್ ಹಿಮೊಗ್ಲೋಬಿನ್ ಇರುವ ರಕ್ತಕಣ ಅಲ್ಲಿ ಕುಡುಗೋಲಿನ ಹಾಗೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತೆ. ಈ ಕ್ಯಾನ್ಸರ್ ಹುಟ್ಟೋದೂ ಅಲ್ಲೇ. ಇದರ ಜೀವಕೋಶಗಳಲ್ಲಿ ಎಸ್‌ಎಂಎಆರ್‌ಸಿಬಿ1 ಎಂಬ ಕಾವಲು ಪ್ರೋಟೀನು ಇರೋದಿಲ್ಲ ಅಂತ ಆಮೇಲೆ ತಿಳೀತು. ಈಗ ಪೆಥಾಲಜಿಸ್ಟರು ಬಣ್ಣ ಹಾಕಿ ಹುಡುಕೋದು ಆ ಕೊರತೆಯನ್ನೇ.

ಕ್ರೂರ ಸಂಗತಿ ಇನ್ನೊಂದಿದೆ. ಸಿಕಲ್ ಗುಣ ಅಂದರೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದ ಜೀನು. ಸಾಮಾನ್ಯವಾಗಿ ಕಾಯಿಲೆಯೇ ಅಲ್ಲ. ಆದರೆ ಮೂತ್ರದಲ್ಲಿ ರಕ್ತ ಬರೋದು ಹಳೆಯ ಆರರ ಪಟ್ಟಿಯಲ್ಲೂ ಇತ್ತು. ಹಾಗಾಗಿ ರಕ್ತ ಕಂಡಾಗ 'ಇದು ಅದೇ' ಅಂತ ಬಿಟ್ಟುಬಿಡೋದು ಸುಲಭ. ಗೊತ್ತಾಗುವಷ್ಟರಲ್ಲಿ ಬಹಳ ಜನರಲ್ಲಿ ಗೆಡ್ಡೆ ಹರಡಿರುತ್ತೆ. ಉಳಿದ ಕಿಡ್ನಿ ಕ್ಯಾನ್ಸರುಗಳಿಗೆ ಬಂದ ಹೊಸ ಮಾತ್ರೆಗಳು ಇದಕ್ಕೆ ಅಷ್ಟಾಗಿ ನಾಟಲಿಲ್ಲ. ಪ್ಲಾಟಿನಂ ಕೀಮೋನೇ ಮುಖ್ಯ ಆಸರೆ. ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಮತ್ತಿತರ ಕೇಂದ್ರಗಳ 52 ರೋಗಿಗಳ ಲೆಕ್ಕ 2017ರಲ್ಲಿ ಬಂತು: ಅರ್ಧದಷ್ಟು ಜನ ಮಾತ್ರ 13 ತಿಂಗಳು ದಾಟಿದ್ದರು. 15 ವಾರದಿಂದ 13 ತಿಂಗಳು. ಗೆಲುವು ಅನ್ನೋಕಾಗಲ್ಲ, ಏನೂ ಆಗಿಲ್ಲ ಅನ್ನೋಕೂ ಆಗಲ್ಲ.

ಇದು ದೂರದ ಕತೆ ಅನ್ನಿಸಬಹುದು. ಆದರೆ ಭಾರತದಲ್ಲಿ ಸಿಕಲ್ ಗುಣ ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ಗಡಿಯಾಚೆಯ ನೀಲಗಿರಿಯಲ್ಲೇ. ಚಾಮರಾಜನಗರ, ಮೈಸೂರು ಕಡೆಯ ಸೋಲಿಗರಲ್ಲಿ, ಜೇನು ಕುರುಬರಲ್ಲೂ ಅದಿದೆ. 2023ರ ಜುಲೈ 1ರಂದು ಶುರುವಾದ ಕೇಂದ್ರದ ಸಿಕಲ್ ಸೆಲ್ ಮಿಷನ್ 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ ಇಟ್ಟುಕೊಂಡಿದೆ. ಪರೀಕ್ಷೆಯಾದವರ ಕೈಗೆ ಕಾರ್ಡು ಬರುತ್ತೆ.

ಹೆದರಿಸುವ ಮಾತಲ್ಲ ಇದು. ಗುಣ ಇರುವವರಲ್ಲೂ ಈ ಕ್ಯಾನ್ಸರ್ ತೀರಾ ಅಪರೂಪ. ಆದರೂ ಅಂಥ ಕಾರ್ಡು ಹಿಡಿದ ಹುಡುಗನೊಬ್ಬ ಮೂತ್ರದಲ್ಲಿ ರಕ್ತ ಅಂತ ಬಂದಾಗ, ಬೇಗ ಒಂದು ಸ್ಕ್ಯಾನ್ ಬರೆದುಕೊಡುವುದು ದೊಡ್ಡ ಕೆಲಸವೇನಲ್ಲ. ಆ 34 ಜನರಿಂದ ಕಲಿತದ್ದನ್ನು ಅಷ್ಟಾದರೂ ಬಳಸಿಕೊಳ್ಳಬೇಕು.