ಬೀದಿಗೆ ಬಂದ ರೈಲು

ರೈಲು ನಿಲ್ದಾಣವು ಪೇಟೆಯಿಂದ ದೂರವಾದರೆ ಆಗುವ ತೊಂದರೆ ನಿಮಗೆ ಹೊಸದೇನಲ್ಲ. ರೈಲಿನಿಂದ ಇಳಿದು, ಗಂಟುಮೂಟೆಯೊಡನೆ ಬಸ್ಸಿಗಾಗಿ ಕಾಯುವುದರಲ್ಲಿಯೇ ಪ್ರಯಾಣದ ಅರ್ಧ ಬೇಸರ ಅಡಗಿದೆ. ಜರ್ಮನಿಯ ಕಾರ್ಲ್ಸ್‌ರೂಹೆ ನಗರಕ್ಕೆ ಈ ತೊಂದರೆ 1913ರಲ್ಲಿ ಬಂದಿತು. ಆ ವರ್ಷ ಅಲ್ಲಿನ ಮುಖ್ಯ ನಿಲ್ದಾಣವನ್ನು ಪೇಟೆಯ ಚೌಕದಿಂದ ಸುಮಾರು 2 ಕಿಲೋಮೀಟರು ದಕ್ಷಿಣಕ್ಕೆ ಕಟ್ಟಿದರು. ಸುತ್ತಣ ಊರುಗಳಿಂದ ಬಂದವರು ಅಲ್ಲಿ ಇಳಿದು ಟ್ರಾಮು ಹತ್ತಬೇಕಾಯಿತು.

ಪರಿಹಾರದ ಮೊದಲ ಹೆಜ್ಜೆ ಆಲ್ಬ್ ಕಣಿವೆಯ ಮೀಟರ್ ಗೇಜ್ ಮಾರ್ಗದಲ್ಲಿ ನಡೆಯಿತು. 1957ರಿಂದ ಅದನ್ನು ಹಂತಹಂತವಾಗಿ ಟ್ರಾಮಿನ ಗೇಜಿಗೆ ಮಾರ್ಪಡಿಸಿ, ಹಳ್ಳಿಯ ಗಾಡಿಯನ್ನು ನೇರವಾಗಿ ಪೇಟೆಯ ಬೀದಿಗೆ ತಂದರು.

ಪೂರ್ವದ ಬ್ರೆಟನ್ ಊರಿನ ಮಾರ್ಗವು ಇಷ್ಟು ಸುಲಭದ್ದಾಗಿರಲಿಲ್ಲ. ಅದು ರಾಷ್ಟ್ರೀಯ ರೈಲ್ವೆಯ ಹಳಿ. ಸಾಧಾರಣ ರೈಲನ್ನು ಓಡಿಸಿದರೆ ಅದು ನಿಲ್ದಾಣದಲ್ಲಿಯೇ ನಿಲ್ಲುವುದು. ಟ್ರಾಮಿಗೆಂದೇ ಬೇರೆ ಹಳಿ ಹಾಕುವುದಾದರೆ ಖರ್ಚು ಅಪಾರ. ಆದುದರಿಂದ ಎರಡೂ ಕಡೆ ಸಲ್ಲುವ ಗಾಡಿಯೊಂದು ಬೇಕಾಯಿತು. ರೈಲ್ವೆಯ ತಂತಿಯಲ್ಲಿ 15,000 ವೋಲ್ಟಿನ ಪರ್ಯಾಯ ವಿದ್ಯುತ್ತು, ಟ್ರಾಮಿನ ತಂತಿಯಲ್ಲಿ 750 ವೋಲ್ಟಿನ ನೇರ ವಿದ್ಯುತ್ತು. ಹೊಸ ಗಾಡಿ ಎರಡರಿಂದಲೂ ಓಡಬಲ್ಲದಾಗಿತ್ತು. ಬೀದಿಯ ಹಳಿಗೂ ರೈಲ್ವೆಯ ಕವಲುಗಳಿಗೂ ಹೊಂದುವಂತೆ ಚಕ್ರದ ಅಂಚನ್ನು ರೂಪಿಸಿದರು. ಅದರ ಒಡಲು ರೈಲ್ವೆ ಡಬ್ಬಿಯಷ್ಟು ಗಟ್ಟಿಯಲ್ಲ. ಆ ಕೊರತೆಯನ್ನು ಬಲವಾದ ಬ್ರೇಕುಗಳು ತುಂಬಿಕೊಟ್ಟವು. ಬೀದಿಯಲ್ಲಿ ಓಡುವ ಗಾಡಿಯ ಉದ್ದ 75 ಮೀಟರು ಮೀರಕೂಡದೆಂಬ ನಿಯಮವಿದ್ದುದರಿಂದ, ಎರಡನ್ನು ಜೋಡಿಸಿದರೂ ಆ ಮಿತಿಯೊಳಗೇ ನಿಲ್ಲುವಂತೆ ಅಳತೆ ಇಟ್ಟರು.

1992ರ ಸೆಪ್ಟೆಂಬರಿನಲ್ಲಿ ಬ್ರೆಟನ್ನಿನ ಜನ ಗಾಡಿ ಬದಲಿಸದೆಯೇ ಪೇಟೆಯ ನಡುವೆ ಇಳಿದರು. ಗಾಡಿಯಷ್ಟೇ ಹೊಸದಲ್ಲ, ವೇಳಾಪಟ್ಟಿಯೂ ಹೊಸದು. ಈ ಗಾಡಿ ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ. ಹೀಗಾಗಿ ಹೆಚ್ಚು ಹೊತ್ತು ಕಳೆಯದೆ ಹೊಸ ನಿಲುಗಡೆಗಳನ್ನು ಸೇರಿಸುವುದು ಸಾಧ್ಯವಾಯಿತು. ದೂರದವರಿಗಾಗಿ ನಿಲುಗಡೆಗಳನ್ನು ಬಿಟ್ಟು ಓಡುವ ವೇಗದ ಗಾಡಿಗಳೂ ಬಂದವು. ಸ್ವಲ್ಪ ಕಾಲದಲ್ಲಿಯೇ ಪ್ರಯಾಣಿಕರು ಹಲವು ಮಡಿಯಾದರು. 2001ರ ವೇಳೆಗೆ ಇದೇ ಗಾಡಿ ದೂರದ ಹೈಲ್‌ಬ್ರಾನ್ ನಗರದ ಬೀದಿಯಲ್ಲಿಯೂ ಓಡತೊಡಗಿತ್ತು.

ಆದರೆ ಎಲ್ಲ ಊರುಗಳ ಗಾಡಿಗಳೂ ಒಂದೇ ಪೇಟೆಬೀದಿಗೆ ಬಂದರೆ ಏನಾಗಬಹುದು? ಕೈಸರ್ ಬೀದಿಯಲ್ಲಿ ಒಂದರ ಹಿಂದೆ ಒಂದು ಗಾಡಿ ಸಾಲುಗಟ್ಟಿ, ಜನ ಈ ಬದಿಯಿಂದ ಆ ಬದಿಗೆ ದಾಟುವುದೇ ಕಷ್ಟವಾಯಿತು. ಸುರಂಗದ ಯೋಜನೆಯನ್ನು ನಾಗರಿಕರು 1996ರ ಮತದಾನದಲ್ಲಿ ನಿರಾಕರಿಸಿದರು. ತಿದ್ದಿದ ಯೋಜನೆಗೆ 2002ರಲ್ಲಿ ಒಪ್ಪಿದರು. ಸುರಂಗವು ತೆರೆದುದು 2021ರ ಡಿಸೆಂಬರಿನಲ್ಲಿ.

ನಿಮ್ಮ ಜಿಲ್ಲೆಗೂ ಹೊಸ ರೈಲು ಬರುವುದೆಂಬ ಸುದ್ದಿ ಕೇಳಿದಾಗ, ಅದರ ವೇಗವನ್ನು ವಿಚಾರಿಸುವ ಮುನ್ನ ಎರಡು ಮಾತು ಕೇಳಿರಿ: ನಾವು ಹೋಗಬೇಕಾದಲ್ಲಿಗೇ ಅದು ಒಯ್ಯುವುದೇ? ಅಷ್ಟು ಗಾಡಿಗಳು ಊರೊಳಗೆ ಬಂದಾಗ ಬೀದಿಯಲ್ಲಿ ನಡೆಯುವವರಿಗೆ ಜಾಗ ಉಳಿಯುವುದೇ?