ಆರೋಪಿ ಎಂಬ ಪದ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ನಾವು ವ್ಯರ್ಥವಾದ ಮೊರೆಗೆ ಬಳಸುತ್ತೇವೆ. ಈಗಿನ ಕಾನೂನಿನಲ್ಲಿ ಆ ಮಾತು ವ್ಯರ್ಥವಾಗುವುದಿಲ್ಲ. ಹೇಳಿದವನ ವಿರುದ್ಧವೇ ಸಾಕ್ಷ್ಯವಾಗಿ ನಿಲ್ಲಬಲ್ಲದು.

ಸುಂಕ ತಪ್ಪಿಸುವುದು ಹಳೆಯ ಅಪರಾಧ. ಸುಂಕದ ಕಟ್ಟೆಯನ್ನು ಬಳಸಿ ಹೋದವನಿಗೂ ಸರಕಿನ ಅಳತೆಯನ್ನು ಸುಳ್ಳು ಹೇಳಿದವನಿಗೂ ಯಾಜ್ಞವಲ್ಕ್ಯ ಸ್ಮೃತಿ ಎಂಟು ಪಟ್ಟು ದಂಡ ವಿಧಿಸುತ್ತದೆ. ಅದಕ್ಕೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು. ಪತ್ರ, ಭುಕ್ತಿ, ಸಾಕ್ಷಿ ಯಾವುದೂ ಇಲ್ಲದಿದ್ದಲ್ಲಿ ತಕ್ಕಡಿ, ಬೆಂಕಿ, ನೀರು, ವಿಷ, ಕೋಶ ಎಂಬ ದಿವ್ಯಗಳಿಗೆ ಎಡೆಯುಂಟೆಂಬುದೂ ಅದೇ ಗ್ರಂಥದಲ್ಲಿದೆ. ಆಗ ಮನುಷ್ಯನ ಮೈಯೇ ಅವನ ಸಾಕ್ಷಿ.

ಅಪರಾಧದ ಆರೋಪಕ್ಕೊಳಗಾದ ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸಕೂಡದೆಂದು ನಮ್ಮ ಸಂವಿಧಾನದ 20(3)ನೆಯ ಅನುಚ್ಛೇದ ಹೇಳುತ್ತದೆ. ಆದರೆ ಈ ರಕ್ಷಣೆ ‘ಆರೋಪಿ’ಗೆ. 1962ರ ಕಸ್ಟಮ್ಸ್ ಕಾಯಿದೆಯ 108ನೆಯ ಪ್ರಕರಣದಂತೆ ಅಧಿಕಾರಿ ಕರೆಸಿದವನು ಬರಬೇಕು, ಸತ್ಯವನ್ನೇ ನುಡಿಯಬೇಕು. ಸುಳ್ಳಾಡಿದರೆ ಅದೂ ಅಪರಾಧ. 1968ರಲ್ಲಿ, ಪಶ್ಚಿಮ ಬಂಗಾಳದ ರಮೇಶಚಂದ್ರ ಮೆಹತಾ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು ಕಸ್ಟಮ್ಸ್ ಅಧಿಕಾರಿ ಪೊಲೀಸನಲ್ಲವೆಂದರು. ಆ ಹಂತದಲ್ಲಿ ಅವನೆದುರು ಕುಳಿತವನು ಆರೋಪಿಯೂ ಅಲ್ಲವೆಂದರು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಲ್ಲದೆಂಬ 1872ರ ಸಾಕ್ಷ್ಯ ಕಾಯಿದೆಯ ನಿಯಮವೂ ಅವನಿಗೆ ಒದಗಲಿಲ್ಲ. ಚೀಲದಲ್ಲಿ ಚಿನ್ನ ಸಿಕ್ಕಿ ಕೋಣೆಯಲ್ಲಿ ಒಬ್ಬಂಟಿಯಾಗಿ ಕುಳಿತವನು ಇನ್ನೂ ಆರೋಪಿಯಲ್ಲ! ಬದುಕೆಲ್ಲ ಶಬ್ದಾರ್ಥ ಪಾಠ ಹೇಳಿದ ನನಗೂ ಈ ಅರ್ಥ ತುಸು ಬಿಗಿಯಾಗಿಯೇ ತೋರುತ್ತದೆ. ಬೆದರಿಸಿ ಪಡೆದ ಹೇಳಿಕೆ ಸಲ್ಲದು, ನಿಜ, ಬೆದರಿಕೆಯನ್ನು ಕಂಡವರಾರು?

ಬೆಂಗಳೂರಿನ ಹೆಸರನ್ನು ಕಾಳಗದ ಶಾಸನವೊಂದರಲ್ಲಿ ಉಳಿಸಿಕೊಟ್ಟ ಬೇಗೂರಿನಲ್ಲಿ ನನ್ನ ವಾಸ. ಇಲ್ಲಿಂದ ಮಡಿವಾಳ ದೂರವಲ್ಲ. ಅಲ್ಲಿಯ ವಿಧಿವಿಜ್ಞಾನ ಪ್ರಯೋಗಾಲಯ ಈ ಶತಮಾನದ ಮೊದಲ ದಶಕದಲ್ಲಿ ಮಂಪರು ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಮದ್ದು ಚುಚ್ಚಿ ಮಾತು ಹೊರಡಿಸುವ ಈ ಉಪಾಯ ಹಳೆಯ ದಿವ್ಯದ ಮೊಮ್ಮಗನೆಂದೇ ನನ್ನ ಭಾವನೆ. 2010ರ ಮೇ 5ರಂದು, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ಮೊಕದ್ದಮೆಯಲ್ಲಿ, ಒಪ್ಪಿಗೆಯಿಲ್ಲದ ಇಂಥ ಪರೀಕ್ಷೆ ಸಂವಿಧಾನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯ ಸಾರಿತು. ಮೌನದ ಹಕ್ಕು ತನಿಖೆಯ ಹಂತದಲ್ಲಿಯೇ ಹುಟ್ಟುತ್ತದೆಂದಿತು.

2020ರಲ್ಲಿ ತೂಫಾನ್ ಸಿಂಗ್ ಮೊಕದ್ದಮೆ ಬಂತು. ಮಾದಕದ್ರವ್ಯ ಕಾಯಿದೆಯ ಅಧಿಕಾರಿಗಳು ಪೊಲೀಸರೇ, ಅವರು ಬರೆಸಿಕೊಂಡ ತಪ್ಪೊಪ್ಪಿಗೆ ಸಲ್ಲದು ಎಂದು ಇಬ್ಬರು ನ್ಯಾಯಮೂರ್ತಿಗಳು ತೀರ್ಮಾನಿಸಿದರು, ಒಬ್ಬರು ಭಿನ್ನಮತವಿತ್ತರು. ಅಫೀಮು ಸಾಗಿಸಿದವನಿಗೆ ದೊರೆತ ಈ ಆಸರೆ ಚಿನ್ನ ಸಾಗಿಸಿದವನಿಗೆ ದೊರೆತಿಲ್ಲ. ಕಸ್ಟಮ್ಸ್ ಅಧಿಕಾರಿ ಪೊಲೀಸನಲ್ಲವೆಂಬ ಮಾತನ್ನು ನ್ಯಾಯಾಲಯ 2025ರಲ್ಲಿಯೂ ಉಳಿಸಿಕೊಂಡಿತು. ವಿಚಾರಣೆಯ ವೇಳೆ ವಕೀಲರು ಹತ್ತಿರವಿರಲೆಂದು ಆದೇಶವಾದದ್ದುಂಟು: ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳಿಸದಷ್ಟು ದೂರದಲ್ಲಿ.